ಕೋಪದಲ್ಲಿ ಬಿದ್ದ ಉಪ್ಪು

"ರೀ, ಕೈ ತೆಗೀರಿ! ಒಬ್ಬರಿಗೆ ಒಂದೇ ಪೊಟ್ಟಣ!"

ಊಟ ಹಂಚುತ್ತಿದ್ದ ಹುಡುಗಿಯ ಸೌಟು ಲಾರಿ ಡ್ರೈವರನ ಕೈಗೆ ಅಡ್ಡ ಬಂದಿತ್ತು. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿ ನೋಡಿದರು.

"ಎರಡು ಬೇಕಿತ್ತು..."

"ಯಾಕೆ, ನಿಮಗೇನು ಎರಡು ಹೊಟ್ಟೆಯಾ?"

ಅವನು ಒಮ್ಮೆ ಗುಡ್ಡದ ಕಡೆ ನೋಡಿದ. ಒಂದೇ ಪೊಟ್ಟಣ ಹಿಡಿದು, ಕಂಬಳಿ ತುಂಬಿದ ಲಾರಿ ಹತ್ತಿ ಗುಡ್ಡದ ದಾರಿ ಹಿಡಿದ.

"ಹೊರಗೆ ಮಾರ್ಕೊಳ್ತಾನೇನೋ, ಎರಡು ಪಾಲಿನ ಸರದಾರ!" ಪಾತ್ರೆ ತೊಳೆಯುತ್ತಿದ್ದ ಅಕ್ಕ ನಕ್ಕಳು.

ಭೂಮಿ ನಡುಗಿ, ಸಮುದ್ರ ಊರೊಳಗೆ ನುಗ್ಗಿ ಹೋದ ಮೇಲೆ ಈ ಶಾಲೆಯೇ ಪರಿಹಾರ ಶಿಬಿರವಾಗಿತ್ತು. ಅವಳು ಇಲ್ಲಿ ಅಡುಗೆಗೆ ನಿಂತಿದ್ದಳು. ಅವಳನ್ನು ಸಾಕಿ ಬೆಳೆಸಿದ ದೊಡ್ಡಮ್ಮ ಅಲೆ ಬಂದ ದಿನದಿಂದ ಕಾಣೆ. ಲಾರಿ ಬಂದಾಗಲೆಲ್ಲ ಸೌಟು ಬಿಟ್ಟು ಓಡುತ್ತಿದ್ದಳು. ಇಳಿದವರ ಮುಖಗಳನ್ನು ನೋಡಿ, ಸಪ್ಪೆ ಮೋರೆಯಲ್ಲಿ ಒಲೆಯ ಬಳಿ ಮರಳುತ್ತಿದ್ದಳು.

'ಜನ ಒಂದು ತುತ್ತಿಗೆ ಕಾಯ್ತಿರುವಾಗ ಇವನಿಗೆ ಎರಡು ಬೇಕಂತೆ! ಆ ಕಣ್ಣಾದರೂ ಅಷ್ಟು ಚೆನ್ನಾಗಿರಬಾರದಿತ್ತು...'

ಮರುದಿನವೂ ಅವನು ಎರಡು ಕೇಳಿದ, ಅವಳು ಒಂದೇ ಕೊಟ್ಟಳು. ಆ ಸಿಟ್ಟಿನಲ್ಲೇ ಸಂಜೆಯ ಹಂಡೆಗೆ ಉಪ್ಪು ಸುರಿದಳು. ಅವನು ರಾತ್ರಿ ಒಯ್ದ ಪೊಟ್ಟಣವೂ ಅದೇ ಹಂಡೆಯದು. ಊಟವಾದ ಮೇಲೆ ಶಿಬಿರಕ್ಕೆ ಶಿಬಿರವೇ ನೀರಿನ ಟ್ಯಾಂಕರಿಗೆ ಮುತ್ತಿಗೆ ಹಾಕಿತು!

ಬೆಳಗ್ಗೆ ಅವನು ಮತ್ತೆ ಬಂದ. "ನಿನ್ನೆ ಊಟ..."

"ಉಪ್ಪು ಜಾಸ್ತಿ ಅಂತ ಗೊತ್ತು ಬಿಡಿ!"

"ನಾನು ತಿಂದಿಲ್ಲ. ತಿಂದವರು ಒಂದು ಮಾತು ಹೇಳಿಕಳಿಸಿದ್ದಾರೆ." ಅವನು ತಲೆ ಕೆರೆದುಕೊಂಡ. "'ಉಪ್ಪನ್ನ ಕೈಯಿಂದ ಹಾಕ್ಬೇಕು ಕಣೇ, ಕೋಪದಿಂದಲ್ಲ' ಅಂತ."

ಸೌಟು ನೆಲಕ್ಕೆ ಬಿತ್ತು.

ಒಲೆ ಹಚ್ಚಲು ಕಲಿತ ದಿನದಿಂದ ಅವಳು ಬೈಸಿಕೊಂಡ ಮಾತು ಅದು. ಅದೇ 'ಕಣೇ' ಕೂಡ!

"ಯಾರು... ಯಾರು ಹೇಳಿದ್ದು?"

"ಗುಡ್ಡದ ಮೇಲೆ ಕಾವಲುಗಾರನ ಕೋಣೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿದ್ರು. ಕೆಳಗೆ ಬನ್ನಿ ಅಂದ್ರೆ, 'ಬಂದ್ರೆ ನನ್ನ ಮಗಳಿಲ್ಲ ಅಂತ ಯಾರಾದ್ರೂ ಹೇಳಿಬಿಡ್ತಾರೆ. ಇಲ್ಲೇ ಕೂತಿದ್ರೆ ಅವಳು ಬದುಕಿದ್ದಾಳೆ' ಅಂತಾರೆ."

ಅವಳು ಆಗಲೇ ಲಾರಿ ಹತ್ತಿದ್ದಳು. "ಹೊರಡ್ರೀ!"

ಗುಡ್ಡದ ಕೋಣೆಯ ಬಾಗಿಲಲ್ಲಿ ಕೂತಿದ್ದ ದೊಡ್ಡಮ್ಮ ಮೊದಲು ಅವಳ ಕೈ ಮುಟ್ಟಿದರು, ಆಮೇಲೆ ಕೆನ್ನೆ.

"ಅಷ್ಟು ಉಪ್ಪು ಸುರಿಯೋಳು ನೀನೊಬ್ಬಳೇ ಅನ್ನಿಸ್ತು... ನಂಬೋಕೆ ಹೆದರಿಕೆ ಆಯ್ತು ಕಣೇ! ಅದಕ್ಕೇ ಆ ಮಾತು ಕಳಿಸಿದೆ."

ಇಬ್ಬರೂ ಅತ್ತರು. ಅಳುತ್ತಲೇ ನಕ್ಕರು. ಎದೆಯ ಮೇಲಿದ್ದ ಕಲ್ಲು ಒಮ್ಮೆಲೇ ಇಳಿದಂತಾಯಿತು!

"ಈ ಹುಡುಗ ಪೊಟ್ಟಣ ನನಗೆ ಕೊಟ್ಟು, 'ನಂದು ಅಲ್ಲೇ ಆಯ್ತು ಅಜ್ಜಿ' ಅಂತಿದ್ದ," ದೊಡ್ಡಮ್ಮ ಪಿಸುಗುಟ್ಟಿದರು. "ಹೊಟ್ಟೆ ಗುರ್ ಅನ್ನೋದು ನನಗೆ ಕೇಳಿಸಲ್ವಾ?"

ಅವಳಿಗೆ ತಲೆ ಎತ್ತಲಾಗಲಿಲ್ಲ.

ಮಧ್ಯಾಹ್ನ ಶಿಬಿರದ ಸಾಲಿನ ಕೊನೆಯಲ್ಲಿ ಅವನು ನಿಂತಿದ್ದ. ಅವಳೇ ಎರಡು ಪೊಟ್ಟಣ ಹಿಡಿದು ಬಂದಳು.

"ಒಂದು ಸಾಕು. ಅಜ್ಜಿ ಈಗ ಇಲ್ಲೇ ಇದ್ದಾರಲ್ಲ."

"ಒಂದು ನಿಮ್ಮದು. ಇನ್ನೊಂದು ನನ್ನದು... ಜೊತೆಗೆ ಕೂತು ಉಣ್ಣೋಣ ಅಂತ."

ಲಾರಿಯ ನೆರಳಲ್ಲಿ ಕೂತು ಅವನು ಮೊದಲ ತುತ್ತು ಬಾಯಿಗಿಟ್ಟ.

"ಉಪ್ಪು ಹೇಗಿದೆ?"

"ಕೋಪ ಪೂರ್ತಿ ಹೋಗಿದೆ. ಹೀಗೇ ಹಾಕೋದಾದ್ರೆ... ಜೀವನಪೂರ್ತಿ ನಿಮ್ಮ ಸಾಲಲ್ಲೇ ನಿಲ್ತೀನಿ."

ಅವಳ ಕೆನ್ನೆ ಕೆಂಪಾಯಿತು.

"ಸಾಲಲ್ಲಿ ಯಾಕೆ ನಿಲ್ತೀರಿ? ಒಲೆ ಪಕ್ಕ ಜಾಗ ಇದೆ, ಬನ್ನಿ."