ಇನ್ನೂ ಸ್ವಲ್ಪ ಚುಚ್ಚುತ್ತೆ

ಜಗಳ ಆಡಲಿಕ್ಕೆಂದೇ ಅವಳು ಆ ಸಂಜೆ ಪಕ್ಕದ ಮನೆಯ ಬಾಗಿಲು ಬಡಿದಿದ್ದು.

ಇಡೀ ದಿನ ವಾಚ್ ರಿಪೇರಿ ಅಂಗಡಿಯಲ್ಲಿ ಕೂತು, ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು, ಪುಟ್ಟ ಪುಟ್ಟ ಚಕ್ರಗಳ ಜೊತೆ ಹೆಣಗಿ ಮನೆಗೆ ಬಂದರೆ ಗೋಡೆಯಾಚೆಯಿಂದ ಪಿಟೀಲು. ಬರೀ ಪಿಟೀಲಾಗಿದ್ದರೆ ಕೇಳಬಹುದಿತ್ತು. ಇದು ಕಿವಿಯೊಳಗೆ ಸೂಜಿ ಆಡಿಸಿದ ಹಾಗಿತ್ತು.

ಬಾಗಿಲು ತೆಗೆದವನ ತೋಳಿನ ತುಂಬ ಮರದ ಪುಡಿ. ಕಿವಿಯ ಸಂದಿಯಲ್ಲೊಂದು ಪೆನ್ಸಿಲ್.

“ಏನ್ರೀ, ಯಾರನ್ನ ಕೊಲ್ತಿದ್ದೀರಿ ಒಳಗೆ?”

“ನಮ್ಮಕ್ಕನ್ನ,” ಅಂದುಬಿಟ್ಟ ಗಾಬರಿಯಲ್ಲಿ. “ಅಂದ್ರೆ, ಅಕ್ಕ ನುಡಿಸಿರೋ ಪಿಟೀಲು. ಅವಳ ಮ್ಯೂಸಿಕ್ ಕ್ಲಾಸಿಗೆ ಅಂತ ಸ್ಪೀಕರ್ ಮಾಡ್ತಿದ್ದೀನಿ. ಚೆನ್ನಾಗಿಲ್ವಾ?”

ಆ ಕೊನೆಯ ಮಾತನ್ನು ಅವನು ಮಗುವಿನಷ್ಟು ನಂಬಿಕೆಯಿಂದ ಕೇಳಿದ. ಬೈಯಲು ಬಂದವಳು ಚಪ್ಪಲಿ ಬಿಟ್ಟು ಒಳಗೆ ಬಂದಳು.

ಒಳಗೆ ಮೇಜಿನ ಮೇಲೆ ನುಣ್ಣಗೆ ಉಜ್ಜಿದ ಎರಡು ಮರದ ಪೆಟ್ಟಿಗೆಗಳು. ಒಂದಕ್ಕೆ ವೈರು ಎಳೆದಾಗಿತ್ತು, ಇನ್ನೊಂದು ಬರೀ ತೂತು. ಮನೆಯಲ್ಲಿದ್ದದ್ದು ಒಂದೇ ಕುರ್ಚಿ. ತನ್ನ ಮನೆಯಲ್ಲೂ ಒಂದೇ ಎಂದು ಅವಳಿಗೆ ನೆನಪಾಯಿತು. ಅವನು ಅದನ್ನು ಅಂಗಿಯ ತುದಿಯಿಂದ ಒರೆಸಿ ಅವಳಿಗೆ ಕೊಟ್ಟು, ತಾನು ನಿಂತುಕೊಂಡ.

ಪಿಟೀಲು ಶುರುವಾದದ್ದೇ ತಡ, ಅವಳು ಮುಖ ಕಿವುಚಿದಳು. “ಇದೇ, ಈ ಮೇಲಿನ ಪುಟ್ಟದ್ದೇ ಕಿರುಚ್ತಿರೋದು!”

“ಅದು ಟ್ವೀಟರ್. ಕೀರಲು ಸದ್ದೆಲ್ಲ ಅದರದ್ದೇ. ನನಗೇನೋ ಸರಿಯಾಗೇ ಕೇಳಿಸ್ತಿದೆ.”

ಅವಳಿಗೆ ಏನೋ ಹೊಳೆಯಿತು. ಎದ್ದು, ವಾಚ್ ಕಟ್ಟಿದ ಕೈಯನ್ನು ಅವನ ಕಿವಿಯ ಹತ್ತಿರ ಹಿಡಿದಳು. ಅವನು ಬಗ್ಗಿದ. ಬಿಸಿಯಾದ ಕಿವಿ ಅವಳ ಮಣಿಕಟ್ಟಿಗೆ ತಾಗಿತು. ಎಷ್ಟು ದಿನವಾಗಿತ್ತು, ಒಬ್ಬರು ಅವಳ ಕೈಗೆ ಅಷ್ಟು ಹತ್ತಿರ ಬಂದು!

“ನಿಂತುಹೋಗಿದೆ ಅಲ್ವಾ?” ಅಂದ.

ಅವಳು ಕೈಯನ್ನು ಅವನ ಕಣ್ಣ ಮುಂದೆ ತಂದಳು. ಅವನು ವಾಚ್ ಕಡೆ ನೋಡಿದ. ಸೆಕೆಂಡಿನ ಮುಳ್ಳು ತನ್ನ ಪಾಡಿಗೆ ಓಡುತ್ತಿತ್ತು. ಅವನ ಮುಖ ಚಿಕ್ಕದಾಯಿತು.

“ಮರದ ಮಿಲ್‌ನಲ್ಲಿ ಗರಗಸದ ಪಕ್ಕದಲ್ಲೇ ಅರ್ಧ ಆಯಸ್ಸು ಕಳೆದಿದ್ದೀನಿ,” ಅಂದ ಕೊನೆಗೆ. “ಅದೇ ಕಿವಿ ತಿಂದ್ಹಾಕಿರಬೇಕು. ಅಕ್ಕನಿಗೆ ಗೊತ್ತಾದ್ರೆ ನೊಂದ್ಕೋತಾಳೆ. ಯಾರಿಗೂ ಹೇಳ್ಬೇಡಿ.”

ಖಾರ ಗೊತ್ತಾಗದವನು ಅಡುಗೆಗೆ ಖಾರ ಸುರಿದ ಹಾಗೆ, ತನ್ನ ಕಿವಿಗೆ ಸಾಲುವಷ್ಟು ಕೀರಲು ಸದ್ದನ್ನು ಅವನು ಆ ಪೆಟ್ಟಿಗೆಗೆ ತುಂಬಿದ್ದ. ಉಳಿದವರಿಗೆ ಅದು ಉರಿ.

“ನಿಮ್ಮ ಕಿವಿ ಸ್ವಲ್ಪ ದಿನ ಬಾಡಿಗೆಗೆ ಕೊಡ್ತೀರಾ?” ಕೇಳಿದ ಅವನು.

“ಬಾಡಿಗೆ ಏನು ಕೊಡ್ತೀರಿ?”

“ಸಂಜೆ ಸಂಜೆ ಟೀ.”

“ಸಕ್ಕರೆ ಕಮ್ಮಿ ಇರಲಿ,” ಅಂದಳು ಅವಳು. ತನ್ನ ಬಾಯಿಂದ ನಗು ಬಂದದ್ದು ಅವಳಿಗೇ ಆಶ್ಚರ್ಯ.

ಅಲ್ಲಿಂದ ಸಂಜೆಗಳಿಗೆ ಒಂದು ಕೆಲಸ ಸಿಕ್ಕಿತು. ಸೀಮೆಸುಣ್ಣದ ತುಂಡಿನಂಥ ಬಿಳಿ ರೆಸಿಸ್ಟರನ್ನು ಅವನು ಟ್ವೀಟರಿನ ವೈರಿಗೆ ಕ್ಲಿಪ್ಪಿನಲ್ಲಿ ಸಿಕ್ಕಿಸುವನು. ಅದು ಸ್ವಲ್ಪ ಕರೆಂಟು ಕುಡಿದು ಟ್ವೀಟರಿನ ಗಂಟಲು ತಗ್ಗಿಸುವುದು. ಅವಳು ಕಣ್ಣು ಮುಚ್ಚಿ ಕೇಳುವಳು. ಕಣ್ಣು ಮುಚ್ಚಿದ್ದರೂ ಅವನು ತನ್ನನ್ನೇ ನೋಡುತ್ತಿದ್ದಾನೆಂದು ಗೊತ್ತಾಗುತ್ತಿತ್ತು. ಟೀ ಹೀರುವ ಸದ್ದು ಆಗ ನಿಂತುಬಿಡುತ್ತಿತ್ತಲ್ಲ.

“ಈಗ?”

“ಚುಚ್ಚುತ್ತೆ.”

“ನೀವು ಹುಬ್ಬು ಗಂಟು ಹಾಕಿದಾಗಲೇ ಗೊತ್ತಾಯ್ತು.”

“ಹುಬ್ಬು ನೋಡೋದು ಬಿಟ್ಟು ಕೆಲಸ ನೋಡಿ.”

ಒಂದು ಸಂಜೆ ಬಂದಾಗ ಮೇಜಿನ ಪಕ್ಕ ಎರಡನೆಯ ಕುರ್ಚಿ ಇತ್ತು. ಹೊಸ ಮರದ ವಾಸನೆ ಇನ್ನೂ ಹೋಗಿರಲಿಲ್ಲ. ಅವನು ಅದರ ಮಾತೆತ್ತಲಿಲ್ಲ, ಅವಳೂ ಎತ್ತಲಿಲ್ಲ. ಅದರಲ್ಲಿ ಕೂತಳು, ಅಷ್ಟೇ.

ಅವತ್ತೇ ಪಿಟೀಲು ಸರಿಹೋದದ್ದು. ಕಮಾನು ತಂತಿಯನ್ನು ಮುಟ್ಟುವ ಮೊದಲ ಸವರಿಕೆ, ನುಡಿಸುವವಳ ಉಸಿರು, ಎಲ್ಲ ಆ ಕೋಣೆಯಲ್ಲೇ ಇದ್ದವು. ಎಲ್ಲೂ ಚುಚ್ಚಲಿಲ್ಲ.

‘ಸರಿಹೋಯ್ತು’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ನಾಳೆ ಏನು? ಗೋಡೆಯಾಚೆ ಅವಳ ಮನೆ. ನಿಂತುಕೊಂಡೇ ಊಟ, ಒಂದೇ ತಟ್ಟೆ ತೊಳೆಯುವುದು. ತಂಗಿಗೆ ಫೋನ್ ಮಾಡಿದರೆ, “ಆಮೇಲೆ ಮಾಡ್ತೀನಿ ಕಣೇ ಅಕ್ಕ.” ಆ ಆಮೇಲೆ ಯಾವತ್ತೂ ಬರುತ್ತಿರಲಿಲ್ಲ.

ಅವಳು ಕಣ್ಣು ತೆರೆದಳು. “ಇನ್ನೂ ಸ್ವಲ್ಪ ಚುಚ್ಚುತ್ತೆ.”

ಅವನು ಇನ್ನೊಂದು ರೆಸಿಸ್ಟರ್ ಹುಡುಕಿದ. ಮರುದಿನವೂ ಅದೇ ಸುಳ್ಳು, ಅದರ ಮರುದಿನವೂ. ಪಿಟೀಲು ದಿನೇ ದಿನೇ ಮಂಕಾಗುತ್ತ ಹೋಯಿತು, ಟೀ ಮಾತ್ರ ಬಿಸಿಯಾಗಿಯೇ ಬರುತ್ತಿತ್ತು. ನಾಳೆ ನಿಜ ಹೇಳಿದರಾಯಿತು ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಆ ನಾಳೆ ಅವನ ಭಾವನ ರೂಪದಲ್ಲಿ ಬಂತು. ಅವಳು ಬಾಗಿಲ ಬಳಿ ಬರುವ ಹೊತ್ತಿಗೆ ಒಳಗಿನಿಂದ ದೊಡ್ಡ ದನಿ ಕೇಳಿಸಿತು.

“ಏನಯ್ಯಾ ಇದು? ನಿಮ್ಮಕ್ಕನ್ನ ಬೀರುವಿನೊಳಗೆ ಕೂಡಿಹಾಕಿ ಬೀಗ ಹಾಕಿದ್ದೀಯಲ್ಲ!”

“ಇಲ್ಲ ಭಾವ, ನಿಮಗೆ ನೆಗಡಿಯಾಗಿ ಕಿವಿ ಕಟ್ಟಿರಬೇಕು. ಪಕ್ಕದ ಮನೆಯವರು ದಿನಾ ಕೇಳಿ ಹೇಳ್ತಿದ್ದಾರೆ. ವಾಚಿನೊಳಗಿನ ಸದ್ದು ಹಿಡಿಯೋ ಕಿವಿ ಅವರದು. ಅವರು ಇನ್ನೂ ಚುಚ್ಚುತ್ತೆ ಅಂದ್ರೆ ಚುಚ್ಚುತ್ತೆ.”

“ನಾಡಿದ್ದು ಹೊಸ ಬ್ಯಾಚ್ ಶುರು. ಹೀಗೇ ತಂದ್ರೆ ನಿಮ್ಮಕ್ಕ ಅಂಗಡಿಯಿಂದ ಕೊಂಡ್ಕೋತಾಳೆ, ಆಮೇಲೆ ನನ್ನನ್ನ ಬೈಬೇಡ.”

ಹೊರಗೆ ಬಂದ ಭಾವ ಅವಳನ್ನು ನೋಡಿ ನಕ್ಕ. “ಓ, ನೀವೇನಾ ಆ ಕಿವಿ?”

ಅವಳಿಗೆ ನೆಲ ಬಿರಿದು ಒಳಗೆ ಸೇರಿಸಿಕೊಂಡರೆ ಸಾಕಾಗಿತ್ತು. ಒಳಗೆ ಅವನು ಇನ್ನೊಂದು ರೆಸಿಸ್ಟರ್ ಹಿಡಿದು ನಿಂತಿದ್ದ.

“ಅದು ಬೇಡ,” ಅಂದಳು. “ಯಾವಾಗಲೋ ಸರಿಹೋಗಿತ್ತು. ನೀವು ಈ ಕುರ್ಚಿ ಮಾಡಿದ ದಿನವೇ. ಆಮೇಲಿಂದ ನಾನು ಹೇಳಿದ್ದೆಲ್ಲ ಸುಳ್ಳು.”

ಅವನು ಕೈಯಲ್ಲಿದ್ದ ರೆಸಿಸ್ಟರನ್ನು ಮೇಜಿನ ಮೇಲಿಟ್ಟ. ಆಮೇಲೆ ಮೆಲ್ಲಗೆ ಅಂದ, “ನನಗೆ ಕೇಳಿಸಲ್ಲ ಅಂತ ಗೊತ್ತಿದ್ದದ್ದು ನಿಮಗೊಬ್ಬರಿಗೇ.”

ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆಯಲಾಗಲಿಲ್ಲ.

“ಸರಿಹೋಯ್ತು ಅಂದ್ರೆ ನಾಳೆಯಿಂದ ಇಲ್ಲಿಗೆ ಬರೋಕೆ ನನಗೇನು ಕೆಲಸ ಹೇಳಿ? ಗೋಡೆ ಆಚೆ ಒಬ್ಬಳೇ ಕೂತಿರೋದು ಸಾಕಾಗಿದೆ ನನಗೆ. ನಿಮ್ಮನ್ನ ನೋಡದೆ ಇರೋಕೂ ಆಗ್ತಿಲ್ಲ.” ಅಳು ಬರುವ ಮೊದಲು ಹೊರಟುಬಿಡಬೇಕೆಂದು ತಿರುಗಿದಳು.

“ಕೂತ್ಕೊಳ್ಳಿ. ಕೆಲಸ ಮುಗಿದಿಲ್ಲ.”

ಅವನು ಅವಳ ಮುಖ ನೋಡದೆ ಒಂದು ಕ್ಲಿಪ್ ಬಿಚ್ಚಿದ. “ಈಗ?”

“ಮಂಕು.”

ಇನ್ನೊಂದು ಬಿಚ್ಚಿದ, ಮತ್ತೊಂದನ್ನೂ. “ಈಗ?”

ಅವಳು ಕಣ್ಣು ಮುಚ್ಚಿದಳು. ಆ ಸವರಿಕೆ, ಆ ಉಸಿರು ಮತ್ತೆ ಕೋಣೆಗೆ ಬಂದವು. ಈ ಸಲ ಟೀ ಹೀರುವ ಸದ್ದು ಇರಲಿಲ್ಲ, ನಿಲ್ಲುವುದೂ ಇರಲಿಲ್ಲ. ಇದನ್ನು ಹೇಳಿದರೆ ಎಲ್ಲ ಮುಗಿಯಿತು ಎಂದು ತಿಳಿದೇ ಅವಳು ಹೇಳಿದಳು.

“ಇದೇ. ಇಷ್ಟೇ ಸಾಕು.”

ಅವನು ಬೆಸುಗೆ ಹಾಕಿದ. ಕಾದ ಸೀಸದ ಹೊಗೆ ಮೇಲೆದ್ದು ಆರಿತು. ಅವಳು ಅಡುಗೆಮನೆಗೆ ಹೋಗಿ, ಇಷ್ಟು ದಿನ ತನ್ನದೆಂದುಕೊಂಡಿದ್ದ ಕಪ್ಪನ್ನು ತೊಳೆದು ಬೋರಲು ಹಾಕಿ, ಬಾಗಿಲ ಕಡೆ ನಡೆದಳು.

“ಇನ್ನೊಂದು ಬಾಕ್ಸ್ ಇದೆ,” ಅಂದ ಅವನು ಹಿಂದಿನಿಂದ.

“ಅದಕ್ಕೂ ಇದೇ ರೆಸಿಸ್ಟರ್ ಹಾಕಿದ್ರಾಯ್ತು. ನಾನು ಕೇಳಬೇಕಾಗಿಲ್ಲ. ಅಷ್ಟು ನನಗೂ ಗೊತ್ತು.”

“ನನಗೂ ಗೊತ್ತು.” ಅವನು ಎರಡನೆಯ ಕುರ್ಚಿಯನ್ನು ಎಳೆದು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಅದರ ಮೇಲೆ ಪುಡಿ ಇರಲೇ ಇಲ್ಲ. “ಆದ್ರೂ ನಾಳೆ ಬಾ.”

ಅವಳು ಬರ್ತೀನಿ ಅಂದದ್ದು ಬರೀ ಉಸಿರಾಗಿ ಹೊರಬಿತ್ತು.

ಅವನು ಕೈಯನ್ನು ಕಿವಿಗೆ ಆನಿಸಿಕೊಂಡ. “ಏನಂದೆ?”

ಪಿಸುಮಾತು ಅವನವರೆಗೆ ತಲುಪುವುದಿಲ್ಲವೆಂದು ಅವಳಿಗೆ ಮರೆತೇಹೋಗಿತ್ತು. ಅಷ್ಟು ದೂರವನ್ನೂ ನಡೆದು ವಾಪಸ್ ಬಂದು, ಅವನ ಎದುರು ನಿಂತು, ಕಣ್ಣೊರೆಸಿಕೊಂಡು, ಗೋಡೆಯಾಚೆಯ ತನ್ನ ಖಾಲಿ ಮನೆಗೂ ಕೇಳುವಷ್ಟು ಜೋರಾಗಿ ಹೇಳಿದಳು.

“ಬರ್ತೀನಿ ಅಂದೆ!”