ಮಡಿಕೆ ಬಿದ್ದ ನೋಟುಗಳು

"ಅತ್ತೆ... ಇದೇನು ಮಾಡಿಬಿಟ್ರಿ!"

ಹೋಳಿಗೆಯ ತಟ್ಟೆ ಹಿಡಿದು ದೇವರ ಕೋಣೆಗೆ ಬಂದ ಜಗದಾಂಬಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ವರಮಹಾಲಕ್ಷ್ಮಿಯ ಕಲಶಕ್ಕೆ ಹಸಿರು ಸೀರೆ ಉಡಿಸಿ, ಬೆಳ್ಳಿಯ ಮುಖವಾಡ ಇಟ್ಟು, ಮಲ್ಲಿಗೆ ಮುಡಿಸಿದ್ದು ಬೆಳಿಗ್ಗೆ ಅವಳೇ. ಈಗ ಆ ಕೊರಳಲ್ಲಿ ಹೊಸದೊಂದು ಹಾರವಿತ್ತು. ಒಂದೊಂದು ನೋಟನ್ನೂ ಬೀಸಣಿಗೆಯಂತೆ ನೆರಿಗೆ ಹಿಡಿದು, ನಡುವೆ ಸೂಜಿ ಚುಚ್ಚಿ, ಕೆಂಪು ದಾರದಲ್ಲಿ ಪೋಣಿಸಿದ ಹಾರ. ವಿನೋಬನಗರದ ಆ ಬೀದಿಯಲ್ಲಿ ಎರಡು ವರ್ಷದಿಂದ ಎಲ್ಲರ ಮನೆಯ ಲಕ್ಷ್ಮಿಗೂ ನೋಟಿನ ಹಾರವೇ. ಆದರೆ ಅವರೆಲ್ಲ ಬ್ಯಾಂಕಿನಿಂದ ತಂದ ಹತ್ತರ ಗರಿಗರಿ ನೋಟು ಪೋಣಿಸುತ್ತಿದ್ದರು. ಇಲ್ಲಿದ್ದವು ಮಾವ ಕೂಡಿಟ್ಟ ನೋಟುಗಳು! ಜಾರ್ಜ್ ದೊರೆಯ ತಲೆಯಿದ್ದ ಹತ್ತು ರೂಪಾಯಿ, ನಿಜಾಮರ ಕಾಲದ ಉರ್ದು ಅಕ್ಷರದ ನೋಟು, ಈ ವರ್ಷವಷ್ಟೇ ಚಲಾವಣೆ ನಿಂತ ಇಟಲಿಯ ಲೀರಾ... ಪದಕದ ಜಾಗದಲ್ಲಿ ಜರ್ಮನಿಯ ಹಳೆಯ ನೋಟೊಂದು, ಅದರ ಮೇಲೆ ಒದ್ದೆ ಕುಂಕುಮದ ಬೊಟ್ಟು.

"ಏನ್ ಮಾಡ್ದೆ? ಕಳ್ಳತನ ಮಾಡಿದ್ನಾ?" ಅತ್ತೆ ಕರಿಬಸಮ್ಮ ತಿರುಗಿ ನೋಡಲೂ ಇಲ್ಲ. "ನನ್ನ ಮನೆ, ನನ್ನ ಗಂಡನ ಬೀರು. ನೀನು ಮಡಿ ಸ್ನಾನಕ್ಕೆ ಹೋದಾಗ ಕೀ ಕಿಟಕೀಲಿ ಇಟ್ಟಿದ್ದೆ, ತಗೊಂಡೆ. ನೋಡು, ಇದರಲ್ಲಿ ಎಷ್ಟೊಂದು ಸೊನ್ನೆ! ಆ ಎದುರುಮನೆ ಜಲಜಮ್ಮನ ಲಕ್ಷ್ಮಿ ಹತ್ತು ರೂಪಾಯಿ ಹಾಕ್ಕೊಂಡು ಕೂತಿರ್ತಾಳೆ. ನನ್ನ ಲಕ್ಷ್ಮಿ ಫಾರಿನ್ ಲಕ್ಷ್ಮಿ!"

"ಅತ್ತೆ, ಇವನ್ನ ಮಡಿಸಬಾರದಿತ್ತು..."

"ನಾಳೆ ಬಿಚ್ಚಿ, ಇಸ್ತ್ರಿ ಹಾಕಿ ಒಳಗಿಟ್ರಾಯ್ತು ಮಾರಾಯ್ತಿ. ಹಬ್ಬದ ದಿನ ಯಾಕೆ ಹೀಗೆ ಮುಖ ಮಾಡ್ಕೊಂಡು ನಿಂತಿದೀಯ?"

ಇಸ್ತ್ರಿ! ಅತ್ತೆಗೆ ಏನೂ ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ.

ಮಾವ ಷಡಕ್ಷರಪ್ಪ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾಗದ ಪರೀಕ್ಷಿಸಿದವರು. ಹಾಳೆಯನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಸವರಿ, ಇದು ಯಾವ ದಿನದ ಮಾಲು ಎಂದು ಹೇಳಬಲ್ಲವರು. ಯಂತ್ರ ಜೋಡಿಸಲು ಬಂದ ಪರದೇಶದ ಇಂಜಿನಿಯರೊಬ್ಬರು ಕೊಟ್ಟ ನೋಟಿನಿಂದ ಹಿಡಿದದ್ದು ಈ ನೋಟು ಕೂಡಿಡುವ ಹುಚ್ಚು. ಅವರಿಗೆ ನೋಟೆಂದರೆ ಹಣವಲ್ಲ, ಕಾಗದ. ಬೆಳಕಿಗೆ ಹಿಡಿದರಷ್ಟೇ ಕಾಣುವ ಒಳಗಿನ ನೀರಚ್ಚು, ನಾರು, ಒಂದೂ ಗೆರೆಯಿಲ್ಲದ ಮೈ. ಮದುವೆಯಾಗಿ ಬಂದ ಹೊಸತರಲ್ಲಿ, ಬಿ.ಎ. ಓದಿದ ಸೊಸೆ ತಾನಾಗಿಯೇ ಅಂಚು ಹಿಡಿದು ನೋಟೆತ್ತಿದ್ದನ್ನು ಕಂಡು ಅವರು ಮಗುವಿನಂತೆ ಹಿಗ್ಗಿದ್ದರು. "ಅವ್ವಾ, ಮಡಿಕೆ ಬಿತ್ತು ಅಂದ್ರೆ ಕಾಗದದ ಮೂಳೆ ಮುರೀತು ಅಂತ ಲೆಕ್ಕ. ಮತ್ತೆ ಕೂಡಲ್ಲ" ಎಂದು ಹೇಳಿಕೊಟ್ಟಿದ್ದರು. ಆ ಮನೆಯಲ್ಲಿ ಅವಳನ್ನು 'ಅವ್ವಾ' ಎಂದು ಕರೆದವರು ಅವರೊಬ್ಬರೇ.

ಈಗ ಅವರ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಬರುವ ಯುಗಾದಿಯ ಹೊತ್ತಿಗೆ ಪೂರ್ತಿ ಹೋಗಬಹುದೆಂದು ಡಾಕ್ಟರು ಹೇಳಿದ್ದರು. ಬೀರುವಿನ ಕೀಯನ್ನು ಸೊಸೆಯ ಕೈಗೆ ಕೊಟ್ಟದ್ದು ಆಗಲೇ. ಮುಂದಿನ ತಿಂಗಳು ದುರ್ಗಿಗುಡಿಯ ಶಾಲೆಯೊಂದರ ಹಾಲ್‌ನಲ್ಲಿ ಹಳೆಯ ನೋಟುಗಳ ಪ್ರದರ್ಶನವಿತ್ತು. ಅವರ ಹೆಸರಿನಲ್ಲೇ ಒಂದು ಮೇಜು! "ನನಗೆ ಕಾಣೋವಾಗಲೇ ನಾಲ್ಕು ಜನ ನೋಡಿಬಿಡ್ಲಿ ಅವ್ವಾ" ಎನ್ನುತ್ತಿದ್ದರು. ಅದಕ್ಕೆ ನೋಟುಗಳನ್ನು ಆರಿಸಿಕೊಳ್ಳಲು ಓಲ್ಡ್ ಟೌನಿನ ಗೆಳೆಯ ರಾಮಚಂದ್ರಪ್ಪನವರನ್ನು ಕರೆತರಲೆಂದೇ ಇವತ್ತು ಭದ್ರಾವತಿಗೆ ಹೋಗಿದ್ದರು.

"ಅತ್ತೆ, ಇದು ಇಸ್ತ್ರಿಗೆ ಹೋಗಲ್ಲ. ಸೂಜಿ ತೂತು ಮುಚ್ಚಲ್ಲ. ಇವು ಇನ್ನು ಪ್ರದರ್ಶನಕ್ಕೆ ಆಗಲ್ಲ. ಮಾವನಿಗೆ ಇದೊಂದೇ ಆಸೆ ಇತ್ತು..."

ಕರಿಬಸಮ್ಮ ಹಾರದತ್ತ ಕೈ ಚಾಚಿ, ಹಿಂದಕ್ಕೆಳೆದುಕೊಂಡರು. ದೇವಿಗೆ ಹಾಕಿದ್ದನ್ನು ಮರುದಿನ ಬೆಳಿಗ್ಗೆ ಕಲಶ ಕದಲಿಸುವ ತನಕ ತೆಗೆಯುವಂತಿಲ್ಲ.

"ನಾನೇನು ಹಾಳು ಮಾಡ್ಬೇಕು ಅಂತ ಮಾಡಿದ್ನೇನೇ?" ಗೋಡೆಗೆ ಒರಗಿ ಕುಳಿತುಬಿಟ್ಟರು. "ಆ ಕಾಗದಾನ ಬೆಳಕಿಗೆ ಹಿಡಿದು ನೋಡಿದಷ್ಟು ಹೊತ್ತು ಅವರು ನನ್ನ ಮುಖ ನೋಡಿಲ್ಲ ಕಣೇ... ಈಗ ಕಣ್ಣೇ ಹೋಗ್ತಿದೆ. ಕೀನೂ ನಿನಗೇ ಕೊಟ್ರು. ಒಂದಿನ, ಒಂದೇ ದಿನ, ಅದು ನನ್ನ ಪೂಜೆಗೆ ಬರ್ಲಿ ಅಂತ ಅಂದ್ಕೊಂಡೆ..."

ಗೇಟಿನ ಸದ್ದಾಯಿತು. ಕರಿಬಸಮ್ಮ ಸೊಸೆಯ ಮುಂಗೈ ಹಿಡಿದುಕೊಂಡರು. ಆರು ವರ್ಷದಲ್ಲಿ ಉಪ್ಪು ಹೆಚ್ಚಾಯಿತೆಂದು, ತವರಿನಿಂದ ಬಂದ ಸೀರೆ ತೆಳುವೆಂದು ಹಂಗಿಸಿದ್ದ ಆ ಹೆಂಗಸು ತನ್ನ ಕೈಯನ್ನು ಹೀಗೆ ಹಿಡಿದುಕೊಳ್ಳುವುದನ್ನು ಜಗದಾಂಬಾ ಎಂದೂ ಕಂಡಿರಲಿಲ್ಲ.

"ಏನ್ ಷಡಕ್ಷರಪ್ಪೋರೆ, ಹೋಳಿಗೆ ವಾಸನೆ ಗೇಟಿಗೇ ಬರ್ತಿದೆ! ಮೊದಲು ನೋಟೋ, ಊಟಾನೋ?" ರಾಮಚಂದ್ರಪ್ಪ ನಗುತ್ತಾ ಒಳಗೆ ಬಂದರು.

"ಮೊದಲು ಲಕ್ಷ್ಮಿಗೆ ಕೈ ಮುಗೀರಿ ಮಾರಾಯ್ರೇ, ಆಮೇಲೆ ನಮ್ಮ ಲಕ್ಷ್ಮಿಗಳನ್ನ ತೋರಿಸ್ತೀನಿ" ಎನ್ನುತ್ತಾ ಷಡಕ್ಷರಪ್ಪ ದೇವರ ಕೋಣೆಗೆ ಕಾಲಿಟ್ಟರು.

ಅವರ ಮಬ್ಬುಗಣ್ಣಿಗೆ ಮೊದಲು ಏನೂ ತಿಳಿಯಲಿಲ್ಲ. ಗೆಳೆಯ ತಟ್ಟನೆ ಮೌನವಾದದ್ದು ತಿಳಿಯಿತು. ಹತ್ತಿರ ಬಾಗಿದರು. ಮುಟ್ಟಲಿಲ್ಲ, ದೇವಿಯ ಮೈಮೇಲಿನದು. ಕಣ್ಣು ಕಿರಿದು ಮಾಡಿ ಒಂದೊಂದು ನೆರಿಗೆಯನ್ನೂ ನೋಡಿದರು.

"ಯಾರು ತೆಗೆದದ್ದು?"

ಹಿಂದೆ ಬಂದ ಮಗ ವಿಜಯೇಂದ್ರ ಹೆಂಡತಿಯತ್ತ ಕಣ್ಣು ಕೆಂಪಗೆ ಮಾಡಿದ. "ಕೀ ನಿನ್ನ ಹತ್ರ ತಾನೇ ಇದ್ದದ್ದು? ಬಾಯಿ ಬಿಡು!"

ಕರಿಬಸಮ್ಮ ಕಲಶದತ್ತ ಮುಖ ತಿರುಗಿಸಿದರು. ಜಗದಾಂಬಾ ಒಂದು ಕ್ಷಣ ಆ ಮುಖ ನೋಡಿದಳು. ಇನ್ನೊಂದು ಕ್ಷಣ ಮಾವನ ಬಾಗಿದ ಬೆನ್ನು ನೋಡಿದಳು. ಇನ್ನು ಏಳೆಂಟು ತಿಂಗಳಲ್ಲಿ ಆ ಜೀವಕ್ಕೆ ಕತ್ತಲು. ಆ ಕತ್ತಲಲ್ಲಿ ಕೈ ಹಿಡಿದು ಬಚ್ಚಲಿಗೆ ಕರೆದೊಯ್ಯಬೇಕಾದವರು, ತುತ್ತು ಕಲಸಿ ಕೊಡಬೇಕಾದವರು ಯಾರು?

"ನಾನೇ ಮಾವ" ಎಂದಳು. "ಚೆನ್ನಾಗಿ ಕಾಣುತ್ತೆ ಅಂತ..."

ಷಡಕ್ಷರಪ್ಪ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು.

"ನೀನಾ?" ಎಂದರು. "ನಿಮ್ಮತ್ತೆ ಮಾಡಿದ್ರೆ ಗೊತ್ತಿಲ್ಲದೆ ಮಾಡಿದ್ಲು ಅಂದ್ಕೋತಿದ್ದೆ. ನಿನಗೆ ಗೊತ್ತಿತ್ತು... ನಿನಗೊಬ್ಬಳಿಗೇ ಗೊತ್ತಿತ್ತು!"

ಸಂಜೆ ಮುತ್ತೈದೆಯರು ಬಂದರು. "ಅಯ್ಯೋ, ಎಷ್ಟು ಚಂದ ಮಾಡಿದೀರಿ ಕರಿಬಸಮ್ಮ! ಯಾರ ಕೈಚಳಕ ಇದು?" ಎಂದು ಜಲಜಮ್ಮ ಗಲ್ಲಕ್ಕೆ ಕೈಯಿಟ್ಟುಕೊಂಡಳು. ಜಗದಾಂಬಾ ತಲೆ ತಗ್ಗಿಸಿ ಅವರಿಗೆಲ್ಲ ಅರಿಶಿನ ಕುಂಕುಮ ಕೊಟ್ಟಳು. ಪಡಸಾಲೆಯ ಕುರ್ಚಿಯಲ್ಲಿ ಷಡಕ್ಷರಪ್ಪ ಆರತಿಯ ಹಾಡು ಮುಗಿಯುವವರೆಗೂ ಕದಲದೆ ಕುಳಿತಿದ್ದರು.

ಪ್ರದರ್ಶನದ ಆ ಮೇಜು ಬೇರೆ ಯಾರಿಗೋ ಹೋಯಿತು. ಉಳಿದ ನೋಟುಗಳನ್ನು ಷಡಕ್ಷರಪ್ಪ ರಾಮಚಂದ್ರಪ್ಪನವರಿಗೆ ಹಾಗೆಯೇ ಕೊಟ್ಟುಬಿಟ್ಟರು. ಸೊಸೆ ಬಡಿಸಿದರೆ ಉಣ್ಣುತ್ತಿದ್ದರು, ಕೇಳಿದರೆ ಉತ್ತರ ಹೇಳುತ್ತಿದ್ದರು. ಒಂದು ಮಾತೂ ಗಡುಸಾಗಿರಲಿಲ್ಲ. ಯಾವ ಮಾತಿನಲ್ಲೂ 'ಅವ್ವಾ' ಇರಲಿಲ್ಲ, ಅಷ್ಟೆ. ನಾಳೆಯಾದರೂ ನಿಜ ಹೇಳಿಬಿಡಲೇ ಎಂದು ದಿನವೂ ಅಂದುಕೊಂಡಳು. ದಿನವೂ ಅವರು ಗೋಡೆ ತಡವುತ್ತಾ ಬರುವುದನ್ನು ಕಂಡು ಸುಮ್ಮನಾದಳು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ, ಅಡಿಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕರಿಬಸಮ್ಮ ತಲೆಯೆತ್ತದೆ ಕೇಳಿದರು:

"ಅವತ್ತು ಯಾಕೆ ನನ್ನ ಹೆಸರು ಹೇಳ್ಲಿಲ್ಲ?"

ಜಗದಾಂಬಾ ಒಲೆಯ ಉರಿ ಸಣ್ಣ ಮಾಡಿದಳು. "ಸೊಸೆ ಮೇಲೆ ಮುನಿಸಿಟ್ಕೊಂಡು ಬದುಕಬಹುದು ಅತ್ತೆ. ನಿಮ್ಮ ಮೇಲೆ ಇಟ್ಕೊಂಡು ಆ ಕಣ್ಣಲ್ಲಿ ಅವರು ಹೇಗೆ ಬದುಕ್ತಾರೆ?"

ಸೊಪ್ಪಿನ ದಂಟು ಕರಿಬಸಮ್ಮನ ಬೆರಳಲ್ಲೇ ಉಳಿಯಿತು. ಏನೋ ಹೇಳಲೆಂದು ಬಾಯಿ ತೆರೆದರು. ಅಷ್ಟರಲ್ಲಿ ಪಡಸಾಲೆಯಿಂದ ದನಿ ಬಂತು.

"ಕರಿಬಸೀ... ಎಲ್ಲಿದೀಯ? ಬಾ ಇಲ್ಲಿ, ಕೈ ಕೊಡು. ಬಿಸಿಲಿಗೆ ಹೋಗ್ಬೇಕು."

"ಬಂದೆ, ಬಂದೆ ರೀ!"

ಹೇಳಬೇಕೆಂದಿದ್ದ ಮಾತು ಅಲ್ಲೇ ಬಿತ್ತು. ಕರಿಬಸಮ್ಮ ಸೆರಗಿಗೆ ಕೈ ಒರೆಸಿಕೊಂಡು, ಮದುವೆಯ ಹೊಸತರಲ್ಲಿ ಓಡಿರಬಹುದಾದಂತೆ ಓಡಿದರು. ಜಗದಾಂಬಾ ಕಿಟಕಿಯಿಂದ ನೋಡಿದಳು. ಮುದುಕರಿಬ್ಬರೂ ಕೈ ಹಿಡಿದು ಅಂಗಳದ ಬಿಸಿಲಿಗೆ ಇಳಿಯುತ್ತಿದ್ದರು. ಅತ್ತೆ ಒಮ್ಮೆಯೂ ಅಡಿಗೆಮನೆಯ ಕಡೆ ತಿರುಗಲಿಲ್ಲ. ಇನ್ನು ತಿರುಗುವುದೂ ಇಲ್ಲ, ನಿಜ ಹೇಳುವುದೂ ಇಲ್ಲವೆಂದು ಜಗದಾಂಬಾಳಿಗೆ ತಿಳಿಯಿತು. ಅವಳು ಅರ್ಧ ಉಳಿದ ಸೊಪ್ಪನ್ನು ಹತ್ತಿರಕ್ಕೆ ಎಳೆದುಕೊಂಡು ಬಿಡಿಸತೊಡಗಿದಳು.