ಅರಿವುದಾರ

ಮುದುಕಪ್ಪನಿಗೆ ಹಸಿವಾಗಲು ಇನ್ನೂ ಒಂದೂವರೆ ನಿಮಿಷ ಬಾಕಿ ಇತ್ತು. ಅದು ಅವನಿಗೇ ಗೊತ್ತಿರಲಿಲ್ಲ. ಅಜ್ಜನ ಹೆಸರು ಹೊತ್ತಿದ್ದ ಆ ಒಂದು ವರ್ಷ ಏಳು ತಿಂಗಳಿನ ಗೃಹಸ್ಥ ಚಾಪೆಯ ಮೇಲೆ ಕುಳಿತು, ಒಂದು ಮರದ ಬಟ್ಟಲನ್ನು ಇನ್ನೊಂದರ ಮೇಲೆ ಬೋರಲು ಹಾಕುವ ಕೆಲಸದಲ್ಲಿ ಮುಳುಗಿದ್ದ. ಕೋಣೆಯ ಇನ್ನೊಂದು ಮೂಲೆಯಲ್ಲಿ ಚಂಪಾವತಿಯ ಬಲಗೈ ಬಳೆ ಬೆಚ್ಚಗಾಯಿತು. ಅದರ ಮೇಲೆ ಸಣ್ಣ ಅಕ್ಷರಗಳು ಮೂಡಿದವು: ‘ಮುದುಕಪ್ಪ. ಹಸಿವು.’

ಚಂಪಾ ಎದ್ದಳು. ಎದ್ದವಳು ನಿಂತು ಅವನ ಪುಟ್ಟ ಬೆನ್ನನ್ನೇ ನೋಡಿದಳು. ಬಟ್ಟಲು ಜಾರಿತು, ಅವನು ಮತ್ತೆ ಇಟ್ಟ, ಮತ್ತೆ ಜಾರಿತು. ಆಮೇಲೆ ಅವಳು ನವಣೆ ಗಂಜಿ ಹಿಡಿದು ಹೋದಳು. ಅವನು ತಲೆ ಎತ್ತುವಷ್ಟರಲ್ಲಿ ಚಮಚ ಬಾಯ ಮುಂದಿತ್ತು. ಬಾಯಿ ತೆರೆದ. ಗೋಡೆಯ ಫಲಕದಲ್ಲಿ ಅವಳ ಹೆಸರಿನ ಮುಂದೆ ಹನ್ನೊಂದು ಎಂಬ ಅಂಕೆ ಕೆಂಪಾಗಿ ಮಿನುಗಿತು.

“ಮತ್ತ ಹನ್ನೊಂದು ಸೆಕೆಂಡು!” ಹಿರಿಯ ಪಾಲಕಿ ಫಕೀರವ್ವ ಹಣೆ ಚಚ್ಚಿಕೊಂಡಳು. “ಅಲ್ಲವಾ ತಂಗಿ, ಆ ಕೂಸಿನ ಬೆನ್ನಾಗ ಏನ್ ಸಿನೇಮಾ ನಡದಿತ್ತು?”

ಚಂಪಾ ನಕ್ಕು ಮುದುಕಪ್ಪನ ಗಲ್ಲ ಒರೆಸಿದಳು. ಅವಳಿಗೆ ಉತ್ತರ ಯಾವಾಗಲೂ ತಡವಾಗಿಯೇ ಹೊಳೆಯುತ್ತಿತ್ತು. ಚಿಕ್ಕಂದಿನಲ್ಲಿ ಮನೆಗೆ ಬಂದವರು ‘ನಿನ್ನ ಹೆಸರೇನು ಪುಟ್ಟಿ’ ಎಂದರೆ, ಅವಳು ಬಾಯಿ ತೆರೆಯುವ ಮೊದಲೇ ಅವ್ವನೋ ಅಕ್ಕನೋ ಹೇಳಿ ಮುಗಿಸಿರುತ್ತಿದ್ದರು. ಪದವಿ ಮುಗಿಸಿ ಶಿಕ್ಷಕಿಯಾಗಲು ಹೋದಾಗ ನಲವತ್ತು ಮಕ್ಕಳ ಮುಂದೆ ಮಾತು ನಿಂತು, ಮೂರೇ ವಾರದಲ್ಲಿ ಮನೆಗೆ ಮರಳಿದ್ದಳು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಈ ಶಿಶುಪಾಲನೆಯ ತರಬೇತಿಗೆ ಸೇರಿದ್ದು, ಇಲ್ಲಿ ಮಾತಾಡಬೇಕಾಗಿಲ್ಲ ಎಂಬ ಧೈರ್ಯದಿಂದ. ಈಗ ಆರು ತಿಂಗಳ ತರಬೇತಿಯಲ್ಲಿ ಐದು ಕಳೆದಿದ್ದವು. ಪ್ರಮಾಣಪತ್ರ ಸಿಗಬೇಕಾದರೆ ಸುಳಿವು ಬಂದ ಆರು ಸೆಕೆಂಡಿನೊಳಗೆ ಮಗುವಿನ ಬಳಿ ಇರಬೇಕು. ಇದೂ ಕೈತಪ್ಪಿದರೆ ಮುಂದೇನು ಎಂದು ಅವಳು ಯೋಚಿಸಿರಲಿಲ್ಲ, ಯೋಚಿಸುವ ಧೈರ್ಯವಿರಲಿಲ್ಲ.

ಕಪ್ಪತಗುಡ್ಡದ ತಪ್ಪಲಿನಲ್ಲಿ ಗಾಳಿಗಂಬಗಳ ಸಾಲಿನ ಬುಡಕ್ಕೆ ಈ ‘ಎಳೆಮನೆ’ ಇತ್ತು. ಗಾಳಿಗಂಬ ಹತ್ತಿ ರೆಕ್ಕೆಗಳನ್ನು ದುರಸ್ತಿ ಮಾಡುವ ಹೆಂಗಸರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಸಂಜೆ ಕರೆದೊಯ್ಯುತ್ತಿದ್ದರು. ಮಕ್ಕಳು ಎಂಟು: ನಾಲ್ಕು ಫಕೀರವ್ವನ ಪಾಲಿಗೆ, ನಾಲ್ಕು ಚಂಪಾಳ ಪಾಲಿಗೆ. ಪ್ರತಿ ಮಗುವಿನ ಸೊಂಟದಲ್ಲಿ ಒಂದು ಅರಿವುದಾರ. ನೋಡಲು ಮಾಮೂಲಿ ಕರಿ ಉಡದಾರದಂತೆಯೇ ಇದ್ದ ಅದರ ಎಳೆಗಳೊಳಗೆ ಕೂದಲಿಗಿಂತ ತೆಳುವಾದ ಸಂವೇದಕ ತಂತುಗಳಿದ್ದವು. ಹೊಟ್ಟೆಯ ಅಲುಗಾಟ, ಉಸಿರಿನ ಲಯ, ಚರ್ಮದ ಬಿಸಿ, ಬೆವರಿನ ಉಪ್ಪು ಇವನ್ನೆಲ್ಲ ಅದು ಅಳೆಯುತ್ತಿತ್ತು. ಮಗುವಿಗೆ ಏನು ಬೇಕಾಗಲಿದೆ ಎಂಬುದನ್ನು, ಅದು ಅಳುವುದಕ್ಕೆ ತೊಂಬತ್ತು ಸೆಕೆಂಡು ಮುಂಚೆ, ಪಾಲಕಿಯ ಕೈಯ ಸುಳಿವುಬಳೆಗೆ, ರಾತ್ರಿ ಮನೆಯಲ್ಲಿ ತಾಯಿಯ ಬಳೆಗೆ, ತಿಳಿಸುತ್ತಿತ್ತು.

ಇದನ್ನು ರೂಪಿಸಿದವರು ಡಾ. ಅನಸೂಯಾ ಕಡ್ಲಿಕೊಪ್ಪ. ತರಬೇತಿಯ ಮೊದಲ ದಿನ ಅವರು ಧಾರವಾಡದಿಂದ ಬಂದು ಪಾಠ ಹೇಳಿದ್ದರು. ಆ ದಿನ ಚಂಪಾ ಬಹಳ ಹೊತ್ತಿನ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದ್ದಳು: “ಅಳೂದು ತಪ್ಪೇನ್ರಿ ಮೇಡಂ?”

“ತಪ್ಪಲ್ಲಮ್ಮ. ಅಳು ಅಂದ್ರ ತಡವಾಗಿ ಬಂದ ಸುದ್ದಿ. ಮೊದಲ ಗೊತ್ತಾದ್ರ ಅದರ ಜರೂರಿ ಏನದ?”

ಚಂಪಾಳಿಗೆ ಒಪ್ಪಿಗೆಯಾಗಿತ್ತು. ಈ ಎಳೆಮನೆಯಲ್ಲಿ ಇನ್ನೂರ ಹನ್ನೊಂದು ದಿನಗಳಿಂದ ಒಂದು ಮಗುವೂ ಅತ್ತಿರಲಿಲ್ಲ. ಗಾಳಿಗಂಬಗಳ ಗುಂಯ್ ಎಂಬ ಸದ್ದಿನ ಕೆಳಗೆ ಬಟ್ಟಲುಗಳ ಟಕಟಕ, ಅಂಬೆಗಾಲಿನ ಸರಪರ, ಅಷ್ಟೇ. ಆ ಮೌನದಲ್ಲಿ ಅವಳು ಮೊದಲ ಬಾರಿಗೆ ಹಗುರಾಗಿದ್ದಳು. ಫಕೀರವ್ವನಿಗಂತೂ ಬಳೆ ಬಂದಿದ್ದೇ ವರದಾನ. ಇಪ್ಪತ್ತೊಂಬತ್ತು ವರ್ಷ ಮಕ್ಕಳನ್ನು ನೋಡಿಕೊಂಡ ಅವಳಿಗೆ ಈಗ ಕಿವಿ ಕೇಳುತ್ತಿರಲಿಲ್ಲ. ಕೊಟ್ಟ ಕಿವಿಯಂತ್ರವನ್ನು ‘ಬರೇ ಗಾಳಿ ಒದರತೈತಿ’ ಎಂದು ತೆಗೆದು ಎಲೆಅಡಿಕೆ ಡಬ್ಬಿಯೊಳಗೆ ಹಾಕಿದ್ದಳು. ಎದುರು ನಿಂತು ಹೇಳಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಬಳೆ ಇಲ್ಲದಿದ್ದರೆ ಎಂದೋ ಮನೆಗೆ ಕಳಿಸುತ್ತಿದ್ದರು. ಅವಳ ಅಂಕೆ ಎರಡೂವರೆ ಸೆಕೆಂಡು.

ಒಂದೇ ಒಂದು ಮುಳ್ಳು ಮಾತ್ರ ಇತ್ತು. ಮುದುಕಪ್ಪನ ತಾಯಿ ನಿಂಗವ್ವ ಸಂಜೆ ಬಂದಾಗಲೆಲ್ಲ, ಕೈಯ ಗ್ರೀಸು ಒರೆಸಿಕೊಳ್ಳುತ್ತ, “ಇವತ್ತರ ಏನರ ಅಂದನೇನ್ರಿ?” ಎಂದು ಕೇಳುತ್ತಿದ್ದಳು. ಚಂಪಾ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಎಂಟೂ ಮಕ್ಕಳು ಅಷ್ಟೇ. ಅವ್ವ ಇಲ್ಲ, ಅಪ್ಪ ಇಲ್ಲ, ಬಾ ಇಲ್ಲ. ಗಾಳಿಗಂಬದ ಸದ್ದಿನಿಂದ ಕಿವಿ ಮಂದವಾಗಿರಬಹುದೆಂದು ಪರೀಕ್ಷೆ ಮಾಡಿಸಿದ್ದರು. ಕಿವಿಗಳು ಚೆನ್ನಾಗಿದ್ದವು. “ಮಾತಾಡ್ತಾವ, ಗಡಿಬಿಡಿ ಯಾಕ,” ಎಂದು ಫಕೀರವ್ವ ನಿಂಗವ್ವನ ಬೆನ್ನು ಸವರಿ ಕಳಿಸುತ್ತಿದ್ದಳು.

ಗುರುವಾರ ಎಣ್ಣೆನೀರಿನ ದಿನ. ಎಣ್ಣೆ ತಾಗಿದರೆ ತಂತುಗಳು ಕೆಡುತ್ತವೆಂದು ಅಂದು ಮಾತ್ರ ಅರಿವುದಾರಗಳನ್ನು ಬಿಚ್ಚಿ, ಆಯಾ ಮಗುವಿನ ಚಿತ್ರದ ಕೆಳಗಿನ ಮೊಳೆಗೆ ತೂಗುಹಾಕಬೇಕು; ಮೈ ಪೂರ್ತಿ ಆರಿದ ಮೇಲೆ ಗಂಟಿನ ಕೆಳಗಿನ ಸಂಖ್ಯೆ ನೋಡಿ ಕಟ್ಟಬೇಕು. ಇದು ನಿಯಮ. ಫಕೀರವ್ವನ ನಿಯಮ ಬೇರೆ. ಕೂಸಿನ ಸೊಂಟ ಬರಿದಾಗಿ ಒಂದು ಗಳಿಗೆಯೂ ಇರಬಾರದು, ದೃಷ್ಟಿಯಾಗುತ್ತದೆ. ಮಗು ನೀರಿನಿಂದ ಎದ್ದಿತೆಂದರೆ ಅವಳಿಗೆ ಜೀವ ನಿಲ್ಲುತ್ತಿರಲಿಲ್ಲ.

ಅಂದು ಚಂಪಾ ಮುದುಕಪ್ಪನನ್ನೂ ಕಸ್ತೂರಿ ಎಂಬ ಹುಡುಗಿಯನ್ನೂ ಒಟ್ಟಿಗೆ ಎರೆದು, ಇಬ್ಬರನ್ನೂ ಒಂದೇ ಟವೆಲಿನಲ್ಲಿ ಸುತ್ತಿ ತಂದಳು. ಫಕೀರವ್ವ ಮೊಳೆಯಿಂದ ಎರಡೂ ದಾರ ಕಿತ್ತುಕೊಂಡು ಓಡಿಬಂದಳು.

“ಕಟ್ಟ ಲಗೂನ! ಬರೀ ಸೊಂಟ ಅದಾವ!”

“ಆಯಿ, ನಂಬರ್ ನೋಡಬೇಕ್ರಿ...”

“ನಂಬರ್ ಕಡೀಕ ನೋಡೀಯಂತ, ಮೊದಲ ಕಟ್ಟ!”

ಚಂಪಾ ಕೈಗೆ ಬಂದದ್ದನ್ನು ಕಟ್ಟಿದಳು.

ಅರ್ಧ ಗಂಟೆಯ ನಂತರ ಬಳೆ ಬೆಚ್ಚಗಾಯಿತು. ‘ಮುದುಕಪ್ಪ. ಹಸಿವು.’ ಅವಳು ಗಂಜಿ ತೆಗೆದುಕೊಂಡು ಹೋದಳು. ಮುದುಕಪ್ಪ ಎಂದಿನಂತೆ ಬಾಯಿ ತೆರೆದ. ಒಂದು ಚಮಚ ಒಳಗೆ ಹೋಯಿತು, ಹಾಗೆಯೇ ಹೊರಗೆ ಬಂತು. ಅವನು ಮುಖ ತಿರುಗಿಸಿದ. ಬಳೆ ಇನ್ನೂ ಹಸಿವು ಎನ್ನುತ್ತಿತ್ತು. ಚಂಪಾ ಇನ್ನೊಂದು ಚಮಚ ಮುಂದೆ ಮಾಡಿದಳು. ಮುದುಕಪ್ಪ ಚಮಚವನ್ನು ನೋಡಿದ, ಅವಳನ್ನು ನೋಡಿದ. ಅವನ ಹುಬ್ಬುಗಳು ಗಂಟಾದವು. ದಾರ ಕಟ್ಟಿದಂದಿನಿಂದ ಇಂಥದ್ದೊಂದು ಅವನಿಗೆ ಎದುರಾಗಿರಲಿಲ್ಲ. ತನಗೆ ಬೇಡದ್ದನ್ನು ಯಾರೂ ಅವನಿಗೆ ಕೊಟ್ಟಿರಲಿಲ್ಲ. ಅವನು ಚಮಚವನ್ನು ಕೈಯಿಂದ ದೂಡಿ, ಸ್ಪಷ್ಟವಾಗಿ, ದೊಡ್ಡವರ ಬೇಸರದಲ್ಲಿ ಅಂದ:

“ಒಲ್ಲೆ.”

ಚಂಪಾಳ ಕೈಯಿಂದ ಬಟ್ಟಲು ಬಿತ್ತು. ಅದು ಫಕೀರವ್ವನ ಮಾತು. ಮಧ್ಯಾಹ್ನದ ಎರಡನೆಯ ಕಪ್ ಚಹಾ ಬಂದಾಗ ದಿನವೂ “ಒಲ್ಲೆ, ಒಲ್ಲೆ” ಎನ್ನುತ್ತಲೇ ಪೂರ್ತಿ ಕುಡಿದು ಮುಗಿಸುವವಳು ಅವಳು. ಮಗು ಅದನ್ನು ಎಷ್ಟು ದಿನಗಳಿಂದ ಒಳಗೆ ಜೋಪಾನವಾಗಿ ಇಟ್ಟುಕೊಂಡಿತ್ತೋ!

ಅಷ್ಟರಲ್ಲಿ ಬೆನ್ನ ಹಿಂದಿನಿಂದ ಇನ್ನೂರ ಹನ್ನೊಂದು ದಿನಗಳ ಮೇಲಿನ ಮೊದಲ ಅಳು ಎದ್ದಿತು. ಹಸಿದಿದ್ದವಳು ಕಸ್ತೂರಿ. ಅತ್ತು, ತನ್ನ ದನಿಗೆ ತಾನೇ ಬೆಚ್ಚಿ ನಿಲ್ಲಿಸಿ, ಸುತ್ತ ನೋಡಿ, ಮತ್ತೆ ಅತ್ತಳು. ಫಕೀರವ್ವನಿಗೆ ಕೇಳಿಸಲಿಲ್ಲ; ಆದರೆ ತೆರೆದ ಬಾಯಿ ಕಂಡಿತು. ಅವಳು ಬಂದು ಮಗುವಿನ ಎದೆಗೆ ಅಂಗೈ ಇಟ್ಟು ಆ ನಡುಕವನ್ನು ಮುಟ್ಟಿ ನೋಡಿದಳು. “ಅಯ್ಯ ನನ ಕೂಸ, ಎಷ್ಟ ದಿನಾ ಆತು,” ಎಂದಳು. ಅವಳ ಕಣ್ಣು ತುಂಬಿತ್ತು.

ಚಂಪಾ ಕಸ್ತೂರಿಗೆ ಗಂಜಿ ತಿನ್ನಿಸಿ, ದಾರಗಳ ಗಂಟು ಎತ್ತಿ ಸಂಖ್ಯೆ ನೋಡಿದಳು. ಅದಲುಬದಲಾಗಿದ್ದವು. ಕೂಡಲೇ ಬದಲಿಸಿ ವರದಿ ಮಾಡಬೇಕು, ಇಲ್ಲವಾದರೆ ತರಬೇತಿಯಿಂದಲೇ ವಜಾ. ಅವಳು ಗಂಟನ್ನು ಹಿಡಿದುಕೊಂಡು ಕುಳಿತಳು. ಹನ್ನೊಂದು ಸೆಕೆಂಡಿಗಿಂತ ಬಹಳ ಹೆಚ್ಚು ಹೊತ್ತು. ಆಮೇಲೆ ಕೈ ಬಿಟ್ಟಳು. ಬಳೆ ತೆಗೆದು ಮೊಳೆಗೆ ಹಾಕಿದಳು. ಸಂಜೆಯವರೆಗೆ ಆ ಇಬ್ಬರ ಮುಖದಿಂದ ಕಣ್ಣು ಕೀಳಲಿಲ್ಲ. ಉಳಿದಿಬ್ಬರನ್ನು ಫಕೀರವ್ವನ ಮಡಿಲಿಗೆ ಒಪ್ಪಿಸಿದ್ದಳು. ಬಾಯಾರಿಕೆಯಾದಾಗ ಮುದುಕಪ್ಪ ಹೂಜಿಯತ್ತ ಬೆರಳು ತೋರಿಸಿದ. ಕಸ್ತೂರಿ ನಿದ್ದೆ ಬಂದಾಗ ಚಂಪಾಳ ಸೀರೆಯ ಸೆರಗನ್ನು ಎಳೆದು ಅದರೊಳಗೆ ಮುಖ ಹುದುಗಿಸಿದಳು. ಸಂಜೆ ನಿಂಗವ್ವ ಬಂದು ಅದೇ ಪ್ರಶ್ನೆ ಕೇಳುವ ಮೊದಲೇ ಮುದುಕಪ್ಪ ಅವಳ ಮುತ್ತಿಗೆ ಕೆನ್ನೆ ಒರೆಸಿಕೊಂಡು “ಒಲ್ಲೆ” ಅಂದ. ನಿಂಗವ್ವ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. “ಇನ್ನೊಮ್ಮೆ ಅನ್ನೋ ನಮ್ಮಪ್ಪಾ,” ಎಂದು ಅವನಿಗೆ ಮುತ್ತಿನ ಮೇಲೆ ಮುತ್ತು ಕೊಟ್ಟಳು. ಅವನು ಪ್ರತಿ ಮುತ್ತಿಗೂ ಅಂದ.

ಮರುದಿನ ಬೆಳಿಗ್ಗೆಯೇ ಡಾ. ಅನಸೂಯಾ ಬಂದಿಳಿದರು. ಎಳೆಮನೆಯ ಅಳುವಿಲ್ಲದ ದಿನಗಳ ಎಣಿಕೆ ಸೊನ್ನೆಗೆ ಬಂದಿತ್ತು. ಚಂಪಾಳ ಸರಾಸರಿಯನ್ನು ಫಲಕ ತೋರಿಸುವುದನ್ನೇ ಬಿಟ್ಟಿತ್ತು.

“ದಾರ ಕೆಟ್ಟಿತ್ತೇನು?”

“ಇಲ್ರಿ ಮೇಡಂ. ನಾನ ಅದಲುಬದಲು ಕಟ್ಟಿದ್ದೆ.”

“ಗೊತ್ತಾಗಿದ್ದು ಯಾವಾಗ?”

“ಹನ್ನೊಂದು ಗಂಟೇಕ್ಕ.”

“ಬಿಚ್ಚಿದ್ದು?”

“ಐದಕ್ಕ.”

ಡಾ. ಅನಸೂಯಾ ಕನ್ನಡಕ ತೆಗೆದರು. “ಆರು ತಾಸು! ಬೇಕಂತಲೇ? ಯಾಕ?”

ಉತ್ತರ ಬರಲು ಹೊತ್ತಾಯಿತು. ಡಾಕ್ಟರು ಎರಡು ಸಲ ಬಾಯಿ ತೆರೆದು ಮತ್ತೆ ಮುಚ್ಚಿದರು. ಯಾಕೋ ಅವಳ ಪರವಾಗಿ ತಾವೇ ಹೇಳಿ ಮುಗಿಸಲಿಲ್ಲ.

“ಮುದುಕಪ್ಪನ ಮಾತು ಇನ್ನೊಮ್ಮೆ ಕೇಳಬೇಕನಿಸ್ತು ಮೇಡಂ,” ಎಂದಳು ಚಂಪಾ ಕೊನೆಗೆ. “ನಾವು ಎಲ್ಲಾ ಮೊದಲ ಕೊಟ್ಟಬಿಡತೇವಿ. ಕೇಳೂದು ಏನ ಉಳೀತು ಅವಕ್ಕ? ಸಣ್ಣಾಕಿದ್ದಾಗ ನನಗೂ ಹಿಂಗ ಆಗಿತ್ತು.”

ತುಟಿಗಳನ್ನೇ ನೋಡುತ್ತಿದ್ದ ಫಕೀರವ್ವ ನಡುವೆ ನುಗ್ಗಿದಳು. “ಡಾಕ್ಟರಬಾಯಾರ, ಆ ಹುಡುಗೀದು ತಪ್ಪಿಲ್ಲ. ಗಡಿಬಿಡಿ ಮಾಡಿದಾಕಿ ನಾನು. ಬರೀ ಸೊಂಟ ನೋಡಿ ನನಗ ತಡೀಲಿಲ್ಲ. ಕಳಸೂದಿದ್ರ ನನ್ನ ಕಳಸ್ರಿ.”

ಡಾ. ಅನಸೂಯಾ ಕನ್ನಡಕ ಮತ್ತೆ ಹಾಕಿಕೊಂಡರು. ಅವರ ಚೀಲದಲ್ಲಿ ಹದಿನಾಲ್ಕು ಎಳೆಮನೆಗಳಿಂದ ಬಂದ ತಾಯಂದಿರ ಪತ್ರಗಳಿದ್ದವು. ಎಲ್ಲದರಲ್ಲೂ ನಿಂಗವ್ವನ ಪ್ರಶ್ನೆಯೇ. ಗಾಳಿಯ ಸದ್ದು, ನೀರಿನ ಸುಣ್ಣ, ರಕ್ತದ ಕಬ್ಬಿಣ ಎಂದು ಅವರು ಎಲ್ಲವನ್ನೂ ಪರೀಕ್ಷಿಸಿದ್ದರು. ಅವರು ಚಾಪೆಯ ಮೇಲೆ ಕುಳಿತು ಗಂಜಿಯ ಚಮಚವನ್ನು ಮುದುಕಪ್ಪನ ಮುಂದೆ ಹಿಡಿದರು. ಅವನು ಈಗತಾನೇ ಉಂಡಿದ್ದ.

“ಒಲ್ಲೆ.”

ಚಮಚ ಗಾಳಿಯಲ್ಲೇ ಇತ್ತು. “ನಾಕು ವರ್ಷದ ಕೆಲಸಕ್ಕ ಮೊದಲನೇ ವಿಮರ್ಶೆ,” ಎಂದರು ಅವರು ಮೆಲ್ಲಗೆ. ಆಮೇಲೆ ಆ ಗಂಜಿಯನ್ನು ತಾವೇ ತಿಂದರು.

ಚಂಪಾಳನ್ನು ವಜಾ ಮಾಡಲಿಲ್ಲ; ಆದರೂ ನಿಯಮ ನಿಯಮವೇ ಆದ್ದರಿಂದ ಅವಳಿಗೆ ಆ ಸಲ ಪ್ರಮಾಣಪತ್ರ ಸಿಗಲಿಲ್ಲ. ತರಬೇತಿಯನ್ನು ಇನ್ನಾರು ತಿಂಗಳು, ಅದೇ ಎಳೆಮನೆಯಲ್ಲಿ, ಮುಂದುವರಿಸಬೇಕೆಂದು ಆದೇಶ ಬಂತು. ಅದರ ಬೆನ್ನಿಗೇ ಹೊಸ ಅರಿವುದಾರಗಳೂ ಬಂದವು. ನೋವು, ಜ್ವರ, ಅಪಾಯಗಳಿಗೆ ಇವು ಮೊದಲಿನಂತೆ ತಕ್ಷಣ ಎಚ್ಚರಿಸುತ್ತಿದ್ದವು. ಹಸಿವು, ನಿದ್ದೆ, ಬೇಸರಗಳಿಗೆ ಮಾತ್ರ, ಮಗು ತಾನಾಗಿ ಕರೆಯುವವರೆಗೆ ಬಳೆ ತಣ್ಣಗಿರುತ್ತಿತ್ತು. ಕರೆದ ಮೇಲೂ ಹನ್ನೊಂದು ಸೆಕೆಂಡು ಕಾದು ಬೆಚ್ಚಗಾಗುತ್ತಿತ್ತು. ಹನ್ನೊಂದೇ ಯಾಕೆ ಎಂದು ಕೈಪಿಡಿಯಲ್ಲಿ ಬರೆದಿರಲಿಲ್ಲ.

ಪಾಲಕಿಯರಿಗೂ ಹೊಸ ಪರೀಕ್ಷೆ ಬಂತು. ಅವಸರಿಸಿದವರು ನಪಾಸು. ಚಂಪಾ ಸುಲಭವಾಗಿ ಪಾಸಾದಳು. ಇಪ್ಪತ್ತೊಂಬತ್ತು ವರ್ಷಗಳ ಅನುಭವದ ಫಕೀರವ್ವ ಎರಡು ಸಲ ಫೇಲಾದಳು. ಅವಳಿಗೆ ಕಲಿಸುವ ಕೆಲಸ ಚಂಪಾಳ ಪಾಲಿಗೆ ಬಂತು.

“ಸುಮ್ನ ಕುಂದರೂದನ್ನೂ ಕಲೀಬೇಕೇನ ನಾನು?” ಫಕೀರವ್ವ ಚಾಪೆಯ ಮೇಲೆ ಕೈಕಟ್ಟಿ ಕುಳಿತು ಚಡಪಡಿಸುತ್ತಿದ್ದಳು. “ಕೈ ತುರಸ್ತಾವ ತಂಗಿ.”

“ಕೈ ತೊಡಿ ಕೆಳಗ ಹಾಕ್ಕೊಂಡು ಕುಂದರ್ರಿ ಆಯಿ.”

ಕಸ್ತೂರಿ ಎದ್ದು ತಪ್ಪುಹೆಜ್ಜೆ ಹಾಕುತ್ತ ಅವಳ ಬಳಿ ಬಂದಳು. ಬೆನ್ನ ಹಿಂದೆ ನಿಂತು ಏನೋ ಅಂದಳು. ಫಕೀರವ್ವ ತಿರುಗಲಿಲ್ಲ. ಮಗು ಸ್ವಲ್ಪ ಯೋಚಿಸಿತು. ಸುತ್ತಿ ಮುಂದೆ ಬಂದು, ಎರಡೂ ಅಂಗೈಗಳಿಂದ ಮುದುಕಿಯ ಕೆನ್ನೆ ಹಿಡಿದು, ಆ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ತುಟಿಗಳನ್ನು ಅಗಲಿಸಿ ಮತ್ತೆ ಅಂದಿತು. ಇದನ್ನು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಯಾವ ದಾರವೂ ಇದನ್ನು ಅಳೆದಿರಲಿಲ್ಲ.

ಫಕೀರವ್ವ ಗಾಬರಿಯಿಂದ ಚಂಪಾಳತ್ತ ನೋಡಿದಳು. “ಏನಂತು? ಏನಂದ್ಲು ಇಕಿ?”

ಚಂಪಾಳಿಗೆ ಕೇಳಿಸಿತ್ತು. ಮಾತು ಈ ಸಲ ತಡವಾಗದೆ, ತುಟಿಯವರೆಗೂ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

“ಅಕೀನ್ನ ಕೇಳ್ರಿ ಆಯಿ,” ಎಂದಳು.

ಫಕೀರವ್ವ ಮತ್ತೆ ಮಗುವಿನ ಕಡೆ ಮುಖ ಮಾಡಿ ಕೈ ಬಿಗಿಹಿಡಿದು ಕಾದಳು. ಕಸ್ತೂರಿ ದೊಡ್ಡದಾಗಿ ಉಸಿರೆಳೆದುಕೊಂಡಳು.